ಕಟ್ಟಿ ಎಂದು ಕರೆದ ಗೋಡೆ

ಕಾಂಕ್ರೀಟಿನೊಳಗಿನ ಕಬ್ಬಿಣ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಬಗ್ಗಿಸಿ ಕಟ್ಟುವುದೇ ನನ್ನ ಕೆಲಸ. ಈ ಕೆಲಸದಲ್ಲಿ ಕಳ್ಳನಾಗುವುದು ಎಷ್ಟು ಸುಲಭವೆಂದರೆ, ಕದ್ದದ್ದು ಕದ್ದವನಿಗೇ ಮರೆತುಹೋಗುತ್ತದೆ. ನನಗೂ ಮರೆತಿತ್ತು.

ಕೆಲಸ ಕಲಿಸಿದವರು ಲಿಂಗಸುಗೂರಿನ ಉಸ್ತಾದರು. ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಚೌಕದ ರಿಂಗಿನ ಎರಡೂ ತುದಿಗೆ ಕೊಕ್ಕೆ ಇರುತ್ತದೆ. ಅದು ಪೂರಾ ಒಳಮುಖಕ್ಕೆ ಮಡಚಿರಬೇಕೆಂಬುದು ಅವರ ಹಟ. ಅರ್ಧಕ್ಕೆ ಬಿಟ್ಟರೆ ತಲೆಗೆ ಮೊಟಕುತ್ತಿದ್ದರು.

"ಕೊಕ್ಕಿ ಹೊಟ್ಟಿಯೊಳಗ ಹೋಗ್ಬೇಕಲೇ. ನಿಂತ ಭಾರ ಕೇಳಿ ತಗೊಂತೈತಿ, ಓಡಿ ಬರೋ ಭಾರ ಕಸಗೊಂತೈತಿ."

ವೇಗವಾಗಿ ಏನಾದರೂ ಬಡಿದಾಗ ಮೊದಲು ಉದುರುವುದು ಹೊರಗಿನ ಸಿಮೆಂಟು. ಉದುರಲಿ. ಕೊಕ್ಕೆ ಒಳಗಿದ್ದರೆ ರಿಂಗು ಹಿಡಿತ ಬಿಡುವುದಿಲ್ಲ. ಕಾಂಕ್ರೀಟು ಚೂರಾದರೂ ಪಂಜರದೊಳಗೇ ಉಳಿಯುತ್ತದೆ, ಸರಳುಗಳು ಬಾಗಿ, ಜಗ್ಗಿ ಆ ವೇಗವನ್ನು ತಿನ್ನುತ್ತವೆ. ಕೊಕ್ಕೆ ಹೊರಗಿನ ಸಿಮೆಂಟಿನಲ್ಲೇ ಇದ್ದರೆ ಸಿಮೆಂಟಿನ ಜೊತೆ ಅದೂ ಹೋಯಿತು. ಇಷ್ಟೆಲ್ಲ ಗೊತ್ತಿದ್ದವನು ನಾನು.

ಜವಳಗೇರಾ ಕಡೆ ಕಾಲುವೆಯ ಮೇಲಿನ ಒಂದು ಸಣ್ಣ ಸೇತುವೆಗೆ ಪಕ್ಕದ ಗೋಡೆ ಕಟ್ಟುವ ಕೆಲಸ ಬಂತು. ನಕಾಶೆಯಲ್ಲಿ ಅದು ತಡೆಗೋಡೆ. ನಮ್ಮಲ್ಲಿ ಹಾಗನ್ನುವವರು ಯಾರು? ಕಟ್ಟಿ ಅನ್ನುತ್ತೇವೆ. ಕೂಡುವುದು ಅದರ ಮೇಲೆ, ಬೀಡಿ ಸೇದುವುದು ಅಲ್ಲೇ, ಬಸ್ಸು ಕಾಯುವುದೂ ಅಲ್ಲೇ. ಕಾಲುವೆಗೆ ನೀರು ಬಿಡುವ ಮೊದಲು ಮುಗಿಸಿ ಎಂದು ಮೇಸ್ತ್ರಿ ಅವಸರ ಮಾಡಿದ. ಪೂರಾ ಮಡಚಿದ ರಿಂಗು ಸರಳಿಗೆ ಸುಲಭವಾಗಿ ಏರುವುದಿಲ್ಲ, ಬೆರಳು ಕಿತ್ತುಬರುತ್ತದೆ. ಕೂಡುವ ಕಟ್ಟಿಗೆ ಇಷ್ಟು ಸಾಕು ಅಂದುಕೊಂಡು ಕೊಕ್ಕೆಗಳನ್ನು ಅರ್ಧಕ್ಕೇ ಬಿಟ್ಟೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಮೂರು ವರ್ಷದ ನಂತರ, ಭತ್ತದ ನಾಟಿಯ ದಿನಗಳಲ್ಲಿ, ನನ್ನ ಅಕ್ಕನ ಗಂಡ, ನನ್ನ ಮಾವ, ಸಿಂಧನೂರಿನಿಂದ ತನ್ನ ಟೆಂಪೊದಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಬರುತ್ತಿದ್ದ. ಪಕ್ಕದಲ್ಲಿ ಅಕ್ಕ ಕೂತಿದ್ದಳು. ವೇಗ ಇತ್ತು, ಅದನ್ನು ಅವನೇ ಒಪ್ಪಿದ. ಅಡ್ಡ ಬಂದ ಬೈಕನ್ನು ತಪ್ಪಿಸಲು ಹೋಗಿ ನಾನು ಕಟ್ಟಿದ ಅದೇ ಗೋಡೆಗೆ ಬಡಿದ. ಗೋಡೆ ತಡೆಯಲಿಲ್ಲ, ಗಾಡಿ ಕಾಲುವೆಗೆ ಬಿತ್ತು. ಮಾವ ಈಜಿ ದಂಡೆಗೆ ಬಂದ. ಅಕ್ಕ ಬರಲಿಲ್ಲ.

ಮಣ್ಣು ಮಾಡಿದ ಮರುದಿನ ಹೋಗಿ ನೋಡಿದೆ. ಸರಳುಗಳು ನೀರಿನ ಕಡೆ ಜೋತುಬಿದ್ದಿದ್ದವು. ರಿಂಗುಗಳೆಲ್ಲ ಬಾಯಿ ತೆರೆದಿದ್ದವು. ಪೂರಾ ಮಡಚಿದ್ದರೆ ನಿಲ್ಲುತ್ತಿತ್ತೇ? ಅಷ್ಟು ಭಾರ, ಅಷ್ಟು ವೇಗ. ನಿಲ್ಲುತ್ತಿರಲಿಲ್ಲವೇನೋ. ಉಸ್ತಾದರನ್ನು ಕೇಳೋಣವೆಂದರೆ ಅವರೂ ಇಲ್ಲ. ಈ 'ಏನೋ' ನನಗೆ ಸಮಾಧಾನವನ್ನೂ ಕೊಡುವುದಿಲ್ಲ, ಶಿಕ್ಷೆಯನ್ನೂ ಕೊಡುವುದಿಲ್ಲ. ಪೊಲೀಸರ ಕಾಗದದಲ್ಲಿ ಅತಿವೇಗ ಎಂದೇ ಬಂತು. ಬಳಗದವರು ಹಣೆಬರಹ ಅಂದರು. ಅದು ನನ್ನ ಕೈಬರಹ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಒಡೆದ ಜಾಗಕ್ಕೆ ಹೊಸ ಗೋಡೆ ಕಟ್ಟಲು ನನ್ನನ್ನೇ ಕರೆದರು. ಹೋದೆ. ಒಂದೊಂದು ಕೊಕ್ಕೆಯನ್ನೂ ಬೆರಳಲ್ಲಿ ರಕ್ತ ಬರುವವರೆಗೆ ಒಳಕ್ಕೆ ಮಡಚಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈಗ ಮಾವ ಸ್ಟೇರಿಂಗ್ ಮುಟ್ಟುವುದಿಲ್ಲ. ಮಸ್ಕಿಯ ನಮ್ಮ ಮನೆಗೆ ಬಸ್ಸಿಗೆ ಬರುತ್ತಾನೆ. ಬಸ್ಸು ಜೋರಾದರೆ ನಡುದಾರಿಯಲ್ಲೇ ಇಳಿದು ನಡೆಯುತ್ತಾನೆ. ಹೋದ ತಿಂಗಳು ಬಂದವನು ತಾಟಿನ ಮುಂದೆ ಕೂತು, ರೊಟ್ಟಿ ಮುರಿಯದೆ ಕೇಳಿದ.

"ತಮ್ಮಾ, ಆ ಕಟ್ಟಿ ನೀನ ಕಟ್ಟಿದ್ದಿ ಅಲ್ಲ? ಗಟ್ಟಿ ಇತ್ತೇನು?"

ಈ ಮಾತು ಯಾವತ್ತೋ ಬರುತ್ತದೆಂದು ಗೊತ್ತಿತ್ತು. 'ಇದ್ದಿಲ್ಲ' ಅಂದರೆ ಸಾಕಿತ್ತು. ಅವನ ಎದೆಯ ಮೇಲಿನ ಭಾರ ಅರ್ಧವಾದರೂ ಇಳಿಯುತ್ತಿತ್ತು.

"ಗಟ್ಟಿ ಇತ್ತು ಮಾವ," ಅಂದೆ.

ಅವನು ತಲೆಯಾಡಿಸಿದ. "ಹಂಗಾದ್ರ ಅಕಿನ್ನ ನಾನ ಕೊಂದೆ."

ನಾನು ಬಾಯಿ ತೆರೆದೆ. "ಉಣ್ಣು ಮಾವ, ಆರ್ತೈತಿ," ಅನ್ನುವುದಷ್ಟೇ ಹೊರಬಂತು. ಅವನು ರೊಟ್ಟಿ ಮುರಿದ.