ಕೇಳದೆ ರೈಟ್ ಹೇಳಲಾಗದ ಕಂಡಕ್ಟರು

ಮೊನ್ನೆ ಕೊಪ್ಪದ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಅಜ್ಜರೊಬ್ಬರ ಜೇಬಿನಲ್ಲಿ ಹಳೆಯ ಬಟನ್ ಫೋನು ಬಡಿದುಕೊಂಡಿತು. ಆ ರಿಂಗ್‌ಟೋನ್ ಕೇಳಿ ಎಷ್ಟೋ ವರ್ಷವಾಗಿತ್ತು. ಅಜ್ಜರು ಸಾವಕಾಶವಾಗಿ ತೆಗೆದು "ಹಲೋ" ಅಂದರು. ನನಗೆ ಮಾತ್ರ ನಮ್ಮ ಬಸ್ಸಿನ ಕಂಡಕ್ಟರು ನೆನಪಾದರು…

ಮೊಬೈಲು ಈ ಕಡೆ ಆಗಷ್ಟೇ ಕಾಲಿಟ್ಟ ಕಾಲ. ನಾನು ಬಾಳೆಹೊನ್ನೂರಿನಿಂದ ಕೊಪ್ಪದ ಶಾಲೆಯೊಂದಕ್ಕೆ ಪಾಠ ಮಾಡಲು ದಿನಾ ಹೋಗುತ್ತಿದ್ದೆ. ಎನ್.ಆರ್. ಪುರದಿಂದ ಹೊರಟು ಬಾಳೆಹೊನ್ನೂರು, ಕೊಪ್ಪದ ಮೇಲೆ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸು. ಕಂಡಕ್ಟರಿಗೆ ಐವತ್ತರ ಆಸುಪಾಸು. ಬಸ್ಸು ಧಣಿಗಳದ್ದೇ ಆದರೂ ಅದನ್ನು ನಡೆಸುತ್ತಿದ್ದವರು ಇವರು. ದಾರಿಯಲ್ಲಿ ಸಿಗುವ ನಾರ್ವೆ ಊರಿನ ಮುದುಕಿಯೊಬ್ಬಳು ದೂರದಲ್ಲಿ ಕೈ ಬೀಸಿದರೆ "ಹೋಲ್ಡಾನ್, ನಮ್ಮಜ್ಜಿ ಬರ್ತಾ ಉಂಟು" ಎಂದು ಕೂಗಿ ಕಾಯಿಸುತ್ತಿದ್ದರು. ಒಮ್ಮೆ ಹೆರಿಗೆ ನೋವು ಬಂದವಳನ್ನು ಕೂರಿಸಿಕೊಂಡು, ಎಲ್ಲೂ ನಿಲ್ಲಿಸದೆ, ಬಸ್ಸನ್ನು ಆಸ್ಪತ್ರೆ ಬಾಗಿಲಿಗೇ ಒಯ್ದಿದ್ದರು. ಇಳಿಯಬೇಕಾದವರೂ ಬಾಯಿ ತೆರೆದಿರಲಿಲ್ಲ.

ಹಳೆ ಧಣಿಗಳು ತೀರಿಕೊಂಡ ಮೇಲೆ ಮಗ ಬಂದ. ಕೆಟ್ಟವನಲ್ಲ, ಆದರೆ ಯಾರನ್ನೂ ನಂಬದವನು. ಕಂಡಕ್ಟರಿಗೆ ಒಂದು ಮೊಬೈಲು ಕೊಟ್ಟ. ಮೊದಲ ವಾರ ಅವರು ಅದನ್ನು ನಮಗೆಲ್ಲ ತೋರಿಸಿ ನಕ್ಕಿದ್ದರು. ಆಮೇಲೆ ಶುರುವಾಯಿತು. ಎಲ್ಲಿದ್ದೀಯ, ಯಾಕೆ ನಿಂತೆ, ಟೀ ಕುಡಿಯಲು ಇಷ್ಟು ಹೊತ್ತಾ, ಹಿಂದಿನ ಬಾಗಿಲು ಯಾಕೆ ತೆಗೆದೆ, ಲಗೇಜು ಮೇಲೆ ಹಾಕಲು ಯಾರು ಹೇಳಿದ್ದು… ಶೃಂಗೇರಿಯ ಆಫೀಸಿನಲ್ಲಿ ಕೂತವನು ನಮ್ಮ ಒಂದೊಂದು ತಿರುವಿನಲ್ಲೂ ಇದ್ದ. ಕೇಳದೆ ಮಾಡಿದ್ದಕ್ಕೆಲ್ಲ ಬೈಗುಳ. ಅದು ನಮಗೂ ಕೇಳುತ್ತಿತ್ತು.

ದಾರಿಯಲ್ಲಿ ಸಿಗ್ನಲ್ ಸಿಗದ ಜಾಗಗಳಿದ್ದವು. ಶುರುವಿನಲ್ಲಿ ಅಲ್ಲಿ ಅವರ ಮುಖ ಸಡಿಲವಾಗುತ್ತಿತ್ತು. ಬರಬರುತ್ತಾ ಅಲ್ಲೇ ಹೆಚ್ಚು ಬೆವರತೊಡಗಿದರು. ಸಿಗ್ನಲ್ ಬಂದ ಕೂಡಲೇ "ಫೋನ್ ಯಾಕೆ ಎತ್ತಲಿಲ್ಲ" ಎಂಬುದಕ್ಕೆ ಉತ್ತರ ಕೊಡಬೇಕಿತ್ತಲ್ಲ. ಟಿಕೆಟ್ ಹರಿಯುವಾಗಲೂ ಒಂದು ಕೈ ಜೇಬಿನ ಮೇಲೆ. ಫೋನು ಬಡಿಯದಿದ್ದರೂ "ಹೊಡೀತಾ?" ಎಂದು ನನ್ನನ್ನು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಶಾಲೆಗೆ ಬೆಳಗಿನ ಅರ್ಧ ದಿನ ರಜೆ ಹಾಕಿ ಕೊಪ್ಪಕ್ಕೆ ತಡವಾಗಿ ಹೊರಟಿದ್ದೆ. ದಾರಿಯಲ್ಲಿ ತೋಟದ ಕೆಲಸದವರು ಒಬ್ಬ ಮುದುಕರನ್ನು ಎತ್ತಿಕೊಂಡು ಬಂದು ಹತ್ತಿಸಿದರು. ಎದೆನೋವು. ಮುದುಕರ ಮಗಳು, "ಅಣ್ಣಾ, ಸೀದಾ ಆಸ್ಪತ್ರೆಗೆ ಬಿಡ್ಸಿ" ಎಂದು ಕೈ ಮುಗಿದಳು. ಕಂಡಕ್ಟರು ಫೋನು ತೆಗೆದರು. ಸಿಗ್ನಲ್ ಇರಲಿಲ್ಲ.

ಡ್ರೈವರು ತಿರುಗಿ ನೋಡಿ, "ಎಂತ ಮಾಡ್ಲಿ ಮಾರಾಯಾ? ಸೀದಾ ಹೊಡೀಲಾ?" ಎಂದ.

"ಒಂದ್ನಿಮಿಷ. ಕೇಳ್ತೆ."

ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಜನ ಹತ್ತಿದರು, ಇಳಿದರು. ಹಿಂದಿನಿಂದ ಯಾರೋ ಬೈದರು. ನಾನೂ ಎದ್ದು ಹೋಗಿ, "ಧಣಿಗಳಿಗೆ ಆಮೇಲೆ ಹೇಳಿದ್ರಾಯ್ತು, ಆಸ್ಪತ್ರೆಗೆ ಬಿಡ್ಸಿ" ಎಂದೆ. ಹೌದು ಹೌದು ಎಂದು ತಲೆಯಾಡಿಸಿದರು, ಮತ್ತೆ ನಂಬರು ಒತ್ತಿದರು. ಕೊಪ್ಪ ಹತ್ತಿರವಾದಾಗ ಸಿಗ್ನಲ್ ಬಂತು. ಆ ಕಡೆಯ ಫೋನು ಎಂಗೇಜ್. ಬಸ್ಸು ಸ್ಟ್ಯಾಂಡಿಗೇ ಹೋಯಿತು. ಅಲ್ಲಿ ಮುದುಕರನ್ನು ಆಟೋಕ್ಕೆ ಹಾಕಿದರು. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲವಂತೆ.

ಮೊದಲೇ ಮುಟ್ಟಿದ್ದರೆ ಉಳಿಯುತ್ತಿದ್ದರೋ ಏನೋ, ಯಾರಿಗೆ ಗೊತ್ತು. ಮುದುಕರ ಮನೆಯವರು ಜಗಳಕ್ಕೆ ಬರಲಿಲ್ಲ. ಧಣಿ ಮಾತ್ರ ಮರುದಿನ ಸ್ಟ್ಯಾಂಡಿಗೇ ಬಂದು ಎಲ್ಲರೆದುರು, "ಅಂಥಾ ಹೊತ್ತಲ್ಲೂ ನನ್ನ ಕೇಳ್ತಾ ಕೂರ್ತಾರೇನ್ರೀ? ಸ್ವಂತ ಬುದ್ಧಿ ಬೇಡ್ವಾ?" ಎಂದ. ಕಂಡಕ್ಟರು ಸಂಜೆ ಬಸ್ಸಿನಲ್ಲಿ ನನ್ನ ಸೀಟಿನ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ಟೀಚರೇ, ನಂಗೆ ಗೊತ್ತಿತ್ತು ಏನ್ ಮಾಡ್ಬೇಕು ಅಂತ. ಬಾಯಿ ಬರ್ಲಿಲ್ಲ."

ಸ್ವಲ್ಪ ದಿನದಲ್ಲೇ ಕೆಲಸ ಬಿಟ್ಟರು. ಬೇರೆ ಬಸ್ಸಿನವರು ಕರೆದರೂ ಹೋಗಲಿಲ್ಲವೆಂದು ಡ್ರೈವರು ಹೇಳಿದ. ನನಗೂ ಬೇರೆ ಊರಿಗೆ ವರ್ಗವಾಯಿತು…

ಬ್ಯಾಂಕಿನಿಂದ ಹೊರಬಿದ್ದವಳು ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದೆ. ಆ ಬಸ್ಸು ನಿಂತು ಎಷ್ಟೋ ಕಾಲವಾಗಿದೆ. ಟೀ ಅಂಗಡಿಯವರು ಕಂಡಕ್ಟರ ಮನೆ ತೋರಿಸಿಕೊಟ್ಟರು. ಹೆಂಡತಿ ಒಬ್ಬರೇ ಇದ್ದರು. ಬಸ್ಸಿಗೆ ಬರುತ್ತಿದ್ದ ಟೀಚರು ಎಂದು ಹೇಳಿಕೊಂಡೆ. ಅವರು ತೀರಿಹೋಗಿ ಎರಡು ವರ್ಷವಾಯಿತು ಎಂದರು. ಅಳಲಿಲ್ಲ.

"ಕೆಲ್ಸ ಬಿಟ್ಟ ಮೇಲೆ ಸರಿ ಹೋಗ್ತಾರೆ ಅಂದ್ಕೊಂಡಿದ್ದೆ ಟೀಚರೇ. ಸ್ನಾನ ಮಾಡ್ಲಾ, ಊಟಕ್ಕೆ ಕೂರ್ಲಾ, ಎಲ್ಲಾ ನನ್ನ ಕೇಳೋರು. ಮೊದ್ಮೊದ್ಲು ಸಿಟ್ಟು ಬರ್ತಿತ್ತು. ಆಮೇಲೆ ನಾನೂ ಹೇಳ್ತಾ ಹೋದೆ. ಹೇಳ್ದಿದ್ರೆ ನಿಂತಲ್ಲೇ ನಿಂತಿರ್ತಿದ್ರು."

ಅವರು ಕೊಟ್ಟ ಕಾಫಿ ಕುಡಿದು ಎದ್ದೆ. ಚಪ್ಪಲಿ ಮೆಟ್ಟಿ, "ಬರ್ಲಾ?" ಎಂದು ಅವರನ್ನು ಕೇಳಿದೆ.