ತತ್ತಿ ತಿನ್ನುವ ಹಾವಿಗೆ ಗಡಿಪಾರು

ಇಲಿ ತಿನ್ನುವ ಹಾವಾಗಿದ್ದರೆ ಅದು ಇವತ್ತಿಗೂ ಮುನವಳ್ಳಿಯ ನಮ್ಮ ಕಾಕಾನ ಮನೆಯಲ್ಲೇ ಇರುತ್ತಿತ್ತು.

ಹೋದ ರವಿವಾರ ಕಾಕಾ ದನದ ಕೊಟ್ಟಿಗೆಯಲ್ಲಿ ಒಣಜೋಳದ ಕಣಿಕೆ ಸರಿಸುವಾಗ ಸಿಕ್ಕಿತು. ಕಂದುಗಪ್ಪು ಮೈ, ಬೆನ್ನುದ್ದಕ್ಕೂ ಕೆನೆಬಣ್ಣದ ಗೆರೆ. (ಬಣ್ಣ ಫೋಟೋ ನೋಡಿ ಬರೆದದ್ದು. ಈ ಕಥೆಯನ್ನು ಆಗಲೇ ಹಲವರಿಗೆ ಹೇಳಿದ್ದೇನೆ. ಪ್ರತಿ ಸಲ ಹಾವು ಉದ್ದವಾಗುತ್ತಿದೆ, ನಾನು ಜಾಣನಾಗುತ್ತಿದ್ದೇನೆ. ನೆನಪಿಗಿಂತ ಮೊಬೈಲೇ ವಾಸಿ.)

ಕಾಕಾ ಬಡಿಗೆ ಎತ್ತಿದ್ದರು. ನಾನು ತಡೆದು, ಫೋಟೋ ತೆಗೆದು, ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳೆಯನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು. ಸ್ಪೀಕರ್ ಹಾಕಿದೆ. ಹೆದರಬೇಡಿ, ಬಹಳ ಅಪರೂಪದ್ದು, ಕಾನೂನು ಹುಲಿಗೆ ಕೊಟ್ಟ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ, ಮುಟ್ಟದೆ ಅಲ್ಲೇ ಬಿಡಿ ಎಂದ.

ಮನೆಗೆ ಒಮ್ಮೆಲೇ ಗೌರವ ಬಂತು. ಕಾಕಾನ ಹೆಂಡತಿ, ನಮ್ಮ ಕಾಕು, ಕೈ ಮುಗಿದು ಹಾಲಿನ ಬಟ್ಟಲು ತಂದರು. ಕಾಕಾ "ನಮ್ಮ ಹಾವು" ಎನ್ನತೊಡಗಿದರು.

ಆಗ ಕಾಕು ಕೇಳಬಾರದ್ದನ್ನು ಕೇಳಿದರು. "ತಮ್ಮಾ, ಇದು ಉಣ್ಣೂದು ಏನು?"

ಹಕ್ಕಿಯ ಮೊಟ್ಟೆ, ಎಂದ ಗೆಳೆಯ. ಅದೊಂದೇ. ಬಾಯಲ್ಲಿ ಹಲ್ಲು ಇಲ್ಲವೆನ್ನುವಷ್ಟು ಕಡಿಮೆ. ಇಡೀ ಮೊಟ್ಟೆ ನುಂಗಿ, ಕತ್ತಿನೊಳಗಿನ ಮೂಳೆಯ ಮುಳ್ಳಿನಿಂದ ಒಡೆಯುತ್ತದೆ. ಕೊಟ್ಟಿಗೆಯ ಗೋಡೆಯಲ್ಲಿ ಬೆಳವಗಳು ಗೂಡು ಕಟ್ಟಿದ್ದರೆ ಅದಕ್ಕೇ ಬಂದಿರಬೇಕು. ಬಯಲಲ್ಲಿ ಬಿಟ್ಟರೆ ಉಪವಾಸ ಸಾಯುತ್ತದೆ.

ಹಾಲಿನ ಬಟ್ಟಲು ಹಿಂದೆ ಸರಿಯಿತು.

"ತತ್ತಿ? ನಮ್ಮ ಮನ್ಯಾಗ?" ಎಂದರು ಕಾಕು. "ಇಲಿ ತಿಂತಿದ್ರ ಇರವಲ್ದ್ಯಾಕ ಅಂತಿದ್ದೆ. ತತ್ತಿ ನಮಗ ನಡಿಯಂಗಿಲ್ಲ."

ಇಲಿ ಯಾವಾಗಿನಿಂದ ಸಸ್ಯಾಹಾರವಾಯಿತು ಎಂದು ಕೇಳಿದೆ.

"ನೀ ಭಾಳ ಓದೀಯಪಾ, ಸುಮ್ನ ಕುಂಡ್ರು."

ಕಾಕಾ ಫೋನ್ ಕಸಿದು ಕಟ್ ಮಾಡಿ ತೀರ್ಪು ಕೊಟ್ಟರು. "ನಾಳೆ ಮಂದಿ ಏನಂದಾರು? ತತ್ತಿ ತಿನ್ನೂದನ್ನ ಮನ್ಯಾಗ ಇಟಗೊಂಡಾರ ಅಂದಾರು."

ಮಂದಿ! ಸಾಯುವುದು ಹಾವು, ಹೋಗುವುದು ಇವರ ಮರ್ಯಾದೆ. ಕಚ್ಚಲಾಗದ ಪ್ರಾಣಿಯ ಭಯ ನಮಗಿಲ್ಲ, ಅದರ ಊಟದ ಭಯ. ಹೊಸದೇನು? ಸವದತ್ತಿಯಲ್ಲಾಗಲಿ ಬೈಲಹೊಂಗಲದಲ್ಲಾಗಲಿ, ಬಾಡಿಗೆಗೆ ಮನೆ ಕೇಳಿ ಬಂದವರ ಹೆಸರಿಗಿಂತ ಮೊದಲು ಅವರ ಒಲೆಯ ಮೇಲೆ ಏನು ಬೇಯುತ್ತದೆ ಎಂದು ವಿಚಾರಿಸುವವರಲ್ಲವೇ ನಾವು?

ಇಲ್ಲಿ ಗೂಡಿದೆ, ಬಯಲಲ್ಲಿ ಏನಿದೆ ಎಂದು ನಾನು ಕೇಳುತ್ತಲೇ ಇದ್ದೆ. ಕಾಕಾ ಹಾವನ್ನು ಬಕೆಟ್ಟಿಗೆ ಇಳಿಸಿ, ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿ, ಬೈಕಿಗೆ ತೂಗುಹಾಕಿಕೊಂಡು ಯರಗಟ್ಟಿ ರಸ್ತೆ ಹಿಡಿದರು. ಕಟಾವಾದ ಎರೆಹೊಲದಲ್ಲಿ ಬಿಟ್ಟರಂತೆ. ಗಿಡವಿಲ್ಲ, ಗೂಡಿಲ್ಲ.

ತಿರುಗಿ ಬರಲು ತಡವಾಯಿತು. ಆ ರಸ್ತೆಯಲ್ಲೊಂದು ಧಾಬಾ ಇದೆ. ರವಿವಾರ ಕಾಕಾ ಬೈಕ್ ನಿಲ್ಲಿಸುವುದೇ ತಡ, ಅಲ್ಲಿ ಡಬಲ್ ಆಮ್ಲೇಟು ಹಂಚಿನ ಮೇಲೆ ಬೀಳುತ್ತದೆ. ಮನೆಯವರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಅವರು ಹೊಸ್ತಿಲ ಬಳಿ ಬರುವ ಮೊದಲೇ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ತತ್ತಿಯ ವಾಸನೆ ಒಳಗೆ ಬಂದಿತ್ತು.

ಕಾಕು ಬಕೆಟ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂಗಳದಲ್ಲೇ ಇಡಿಸಿ, ಅರಿಶಿನದ ನೀರು ಹಾಕಿ ತಿಕ್ಕಿದರು. ಆಮೇಲೆ ಕೈ ಒರೆಸಿಕೊಂಡು, ಕಾಕಾನ ಮುಂದೆ ಬಾಯಿವಾಸನೆ ಕಳೆಯುವ ಬಡೇಸೋಪಿನ ಡಬ್ಬಿ ಇಟ್ಟರು.

ಹಾವಿನ ಬಾಯಿಗೂ ಒಂದು ಚಿಟಿಕೆ ಬಡೇಸೋಪು ಹಾಕಿದ್ದರೆ ಇರಲು ಬಿಡುತ್ತಿದ್ದಿರಾ, ಕಾಕು?