ತಗಡಿಗೆ ಸುಣ್ಣ ಬಳಿದವಳು

ಅವಳ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷ ವರ್ಷವೂ ಸುಣ್ಣ ಮುಟ್ಟಿ ಮುಟ್ಟಿ ಚರ್ಮ ಸವೆದು, ಅಲ್ಲಲ್ಲಿ ಒಡೆದು ಕೆಂಪಗಾಗಿತ್ತು. ಆ ಕೈಯಲ್ಲೇ ಮುದ್ದೆ ಕಟ್ಟುವಳು, ಆ ಕೈಯಲ್ಲೇ ನನ್ನ ಮಗುವಿನ ಬೆನ್ನು ಸವರುವಳು. ಕೋರಮಂಡಲಿನ ಚಿನ್ನದ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ ಮನೆಗಳ ಲೈನಿನಲ್ಲಿ ನಮ್ಮ ಪಕ್ಕದ ಮನೆಯಾಕೆ. ನಾನು ಅಕ್ಕ ಎನ್ನುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಆ ಲೈನಿಗೆ ಬಂದೆ. ನನ್ನ ತವರು ಕ್ಯಾಸಂಬಳ್ಳಿ ಕಡೆ. ಮಣ್ಣಿನ ಮಾಳಿಗೆ ಮನೆ, ಎಂಥ ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತಿತ್ತು. ಇಲ್ಲಿ ತಲೆಯ ಮೇಲೆ ತಗಡಿನ ಶೀಟು. ಕೈಗೂಸಿನ ಮೈತುಂಬ ಬೆವರುಸಾಲೆ ಎದ್ದು, ಹಾಲು ಕುಡಿಯುವುದನ್ನೂ ಬಿಟ್ಟಾಗ ನಮ್ಮವರು ಟೇಬಲ್ ಫ್ಯಾನ್ ತಂದರು. ಇಡೀ ದಿನ ಕರೆಂಟು ತಿಂದು ಅದು ಬಿಸಿಗಾಳಿಯನ್ನೇ ಬೀಸಿತು. ಅಳುವುದಕ್ಕೂ ಸುಸ್ತಾಗಿ ಮಗು ಸುಮ್ಮನಾಗಿದ್ದ ಒಂದು ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ನಿಂತಳು.

"ಬೆಂಕಿ ಮ್ಯಾಲೈತೆ. ಕೆಳಗೆ ಬೀಸ್ಕೊಂಡ್ರೆ ಏನಾಗ್ತದೆ ಅಮ್ಮಣ್ಣಿ? ಕೂಸ್ನ ಎತ್ಕೊಂಡು ನಮ್ಮನೆಗೆ ಬಾ" ಎಂದಳು.

ಅವಳದೂ ನಮ್ಮಂಥದೇ ಮನೆ. ಒಳಗೆ ಹೆಜ್ಜೆಯಿಟ್ಟರೆ ಬೇರೆ ಊರಿಗೆ ಬಂದ ಹಾಗಿತ್ತು. ಶೀಟಿನ ಮೇಲೆ ಗೋಂದು ಬೆರೆಸಿದ ಸುಣ್ಣ ದಪ್ಪಗೆ ಬಳಿದಿದ್ದಳು. ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು ಈಚಲು ಚಾಪೆಗಳನ್ನು ಸಾಲಾಗಿ ಕಟ್ಟಿದ್ದಳು. ಕಿಟಕಿಗೆ ಒದ್ದೆ ಗೋಣಿ. ಅಡುಗೆಯೆಲ್ಲ ಬಿಸಿಲೇರುವ ಮೊದಲೇ, ಹಿತ್ತಲಿನ ಒಲೆಯಲ್ಲಿ. ಅವಳ ಗಂಡ, ರಾತ್ರಿ ಪಾಳಿ ಮುಗಿಸಿ ಬಂದ ಭಾವ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಮ್ಮ ಮಗುವೂ ಅಲ್ಲೇ ನಿದ್ದೆ ಹೋಯಿತು. ನಾನೂ.

ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಸಂಜೆ ಕೇಳಿದೆ.

"ಯಾರ್ ಯೋಳ್ಕೊಡ್ತಾರೆ? ಗಣಿಯೊಳಗೆ ಕಲ್ಲೇ ಕಾದಿರ್ತದಂತೆ. ಅಲ್ಲೂ ಬೇಯ್ಬೇಕು, ಮನೆಗೆ ಬಂದ್ಮ್ಯಾಲೂ ಬೇಯ್ಬೇಕಾ? ನಿದ್ದೆ ಇಲ್ದೆ ಕೆಳಕ್ಕಿಳಿದ್ರೆ ಕೈ ತಪ್ತದೆ. ಕೈ ತಪ್ಪಿದ್ರೆ ಮನುಷ್ಯ ಮ್ಯಾಕ್ಕೆ ಬರಲ್ಲ. ಅದ್ಕೇ ಒಂದೊಂದೇ ಮಾಡಿ ನೋಡ್ದೆ."

ಮಳೆಗಾಲ ಆ ಸುಣ್ಣವನ್ನು ತೊಳೆದುಬಿಡುತ್ತಿತ್ತು. ಯುಗಾದಿ ಹತ್ತಿರವಾದಾಗ ಮತ್ತೆ ಏಣಿ, ಮತ್ತೆ ಬಕೆಟ್. ಬೇಸರ ಆಗುವುದಿಲ್ಲವೇ ಎಂದರೆ "ಆಗ್ತದೆ" ಎನ್ನುವಳು, ಅಷ್ಟೇ. ಒಮ್ಮೆ ಲೈನು ನೋಡಿಕೊಳ್ಳುವ ಮೇಸ್ತ್ರಿ ಕೆಳಗೆ ನಿಂತು, ಶೀಟು ತುಳಿದರೆ ಹಾಳಾಗುತ್ತದೆ, ಇಳಿ ಎಂದು ಗದರಿದ. ಅವಳು ಎದುರಾಡದೆ ಇಳಿದಳು. ಅವನು ಬೀದಿ ತಿರುಗುತ್ತಲೇ ಮತ್ತೆ ಏಣಿ ಹಿಡಿದಳು. ನಾನು ತಡೆಯಹೋದೆ.

"ಇಳಿ ಅಂದ, ಇಳಿದೆ. ಮತ್ತೆ ಏಣಿ ಅತ್ಬೇಡ ಅನ್ಲಿಲ್ವಲ್ಲ" ಎಂದಳು. ನಕ್ಕಳೆಂದು ನನಗೆ ನೆನಪಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಭಾವನಿಗೆ ಕೆಮ್ಮು ಅಂಟಿಕೊಂಡಿತು. ಕಲ್ಲಿನ ಧೂಳು ಎದೆಗಿಳಿದಿದೆ ಎಂದರು. ಅಷ್ಟು ತಂಪಾದ ಮನೆಯಲ್ಲಿ ಅವರಿಗೆ ಮಲಗಲಾಗುತ್ತಿರಲಿಲ್ಲ; ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಕ್ಕ ದಿಂಬುಗಳನ್ನು ಒಟ್ಟಿ, ಅವರನ್ನು ಒರಗಿಸಿ, ತಾನು ಪಕ್ಕದಲ್ಲಿ ಕೂತಿರುತ್ತಿದ್ದಳು. ಅವರು ತೀರಿಕೊಂಡ ಮೇಲೆ ಮನೆ ಬಿಡಬೇಕಾಯಿತು. ಗಣಿಯ ಮನೆ ಗಣಿಯಲ್ಲಿ ದುಡಿಯುವವರಿಗೆ ಮಾತ್ರ. ಮಕ್ಕಳಿಲ್ಲದ ಅಕ್ಕ ಕಾಮಸಮುದ್ರದಲ್ಲಿದ್ದ ತಮ್ಮನ ಮನೆಗೆ ಹೊರಟಳು.

ಹೊರಡುವ ಹಿಂದಿನ ದಿನ ನೋಡಿದರೆ ಶೀಟಿನ ಮೇಲೆ ಕೂತು ಸುಣ್ಣ ಬಳಿಯುತ್ತಿದ್ದಾಳೆ.

"ಇನ್ನು ಯಾರಿಗಕ್ಕ ಇದು? ಇಳಿ" ಎಂದೆ.

ಬಕೆಟ್ಟಿನ ತಳದಲ್ಲಿದ್ದ ಸುಣ್ಣವನ್ನು ಬಳಿದು ಮುಗಿಸಿದಳು. ಆಮೇಲೆ, "ಬರೋನೂ ಪಾಳಿ ಮಾಡೋನೇ ಅಲ್ವಾ" ಎಂದಳು.

ನಾನು ಬಕೆಟ್ ತುಂಬಿ ತುಂಬಿ ಮೇಲಕ್ಕೆ ಕೊಟ್ಟೆ.

ಅವಳು ತೀರಿಕೊಂಡ ಸುದ್ದಿಯನ್ನು ಕಾಮಸಮುದ್ರದ ಬಸ್ಸಿನಲ್ಲಿ ಬಂದವರೊಬ್ಬರು ತಂದರು. ಮಣ್ಣಿಗೆ ಹೋದೆ. ಎಲ್ಲ ಮುಗಿದ ಮೇಲೆ ಅವಳ ತಮ್ಮನ ಹೆಂಡತಿ ಜಗಲಿಯಲ್ಲಿ ನನ್ನ ಪಕ್ಕ ಕೂತು, "ಇಲ್ಲಿಗೆ ಬಂದಾಗಿಂದ ಬರೀ ನಿದ್ದೆನೇ. ಊಟಕ್ಕೂ ನಾನೇ ಎಬ್ಬಿಸ್ಬೇಕಿತ್ತು. ಒಂದು ಜೀವಕ್ಕೆ ಅಷ್ಟು ನಿದ್ದೆ ಎಲ್ಲಿತ್ತೋ" ಎಂದಳು.

ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಅಷ್ಟು ವರ್ಷ ಇದ್ದೆ. ಅಕ್ಕ ಹಗಲು ಕಣ್ಣು ಮುಚ್ಚಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅದನ್ನು ಆ ಹೆಂಗಸಿಗೆ ಹೇಳಬೇಕೆನಿಸಿತು. ಆದರೆ ಅಕ್ಕ ಇನ್ನಾದರೂ ಮಲಗಲಿ ಎಂದುಕೊಂಡು ಬಸ್ಸು ಹತ್ತಿದೆ.